ಪ್ಲೇಟ್‌ಲೆಟ್ ಕಡಿಮೆ, ಆದರೆ ಡೆಂಗ್ಯೂ ಅಲ್ಲ: ಐಟಿಪಿ ಕಾಯಿಲೆಯನ್ನು ಅರಿಯೋಣ

ಪ್ಲೇಟ್‌ಲೆಟ್ ಎಂಬ ಪದ ಒಂದು ಕಾಲಕ್ಕೆ ಆಸ್ಪತ್ರೆಯವರಿಗೆ ಮಾತ್ರ ಗೊತ್ತಿತ್ತು. ಈಗ ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲೂ ಹೊಸಕೋಟೆಯ ಅಂಗಡಿ ಸಾಲಿನಲ್ಲೂ ಅದು ಎಲ್ಲರ ಬಾಯಲ್ಲಿದೆ. ಮಳೆಗಾಲ ಬಂದರೆ ಡೆಂಗ್ಯೂ ಭಯ, ಡೆಂಗ್ಯೂ ಎಂದರೆ "ಪ್ಲೇಟ್‌ಲೆಟ್ ಎಷ್ಟಿದೆ?" ಎಂಬ ಪ್ರಶ್ನೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರವೇ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಹೀಗಾಗಿ ರಕ್ತಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಕಡಿಮೆ ಎಂದು ಕಂಡ ಕೂಡಲೇ ಒಬ್ಬರು ಪಪ್ಪಾಯಿ ಎಲೆ ಹುಡುಕುತ್ತಾರೆ, ಇನ್ನೊಬ್ಬರು ರಕ್ತನಿಧಿಗೆ ಫೋನ್ ಮಾಡುತ್ತಾರೆ.

ಆದರೆ ಕೆಲವು ಸಲ ಜ್ವರವೇ ಇರುವುದಿಲ್ಲ. ಮಗು ಚೆನ್ನಾಗಿ ಉಣ್ಣುತ್ತದೆ, ಆಡುತ್ತದೆ, ಮದರಸಕ್ಕೂ ಶಾಲೆಗೂ ಹೋಗಿ ಬರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಕಾಲಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು, ತೊಡೆಯ ಮೇಲೆ ಹೊಡೆತ ಬಿದ್ದಂತೆ ನೀಲಿ ಗುರುತುಗಳು, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಪರೀಕ್ಷೆ ಮಾಡಿಸಿದರೆ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಇರಬೇಕಾದ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಇಳಿದಿರುತ್ತದೆ. ಇಂಥ ಕಡೆ ಡೆಂಗ್ಯೂ ಜೊತೆಗೆ ನೆನಪಾಗಬೇಕಾದ ಇನ್ನೊಂದು ಹೆಸರು ಐಟಿಪಿ, ಅಂದರೆ ಇಮ್ಯೂನ್ ಥ್ರಾಂಬೋಸೈಟೋಪೀನಿಯಾ. ದೇಹವನ್ನು ರೋಗಗಳಿಂದ ಕಾಯಬೇಕಾದ ಜೀವಕೋಶಗಳೇ ತಮ್ಮ ಮನೆಯ ಪ್ಲೇಟ್‌ಲೆಟ್‌ಗಳನ್ನು ಶತ್ರುವೆಂದು ತಿಳಿದು ನಾಶ ಮಾಡುವ ಕಾಯಿಲೆ ಇದು. ಆದ್ದರಿಂದ ಇದರ ಚಿಕಿತ್ಸೆಯ ದಾರಿಯೂ ಬೇರೆ, ಮನೆಯವರು ವಹಿಸಬೇಕಾದ ಎಚ್ಚರವೂ ಬೇರೆ.

ಪ್ಲೇಟ್‌ಲೆಟ್ ಮಾಡುವ ಕೆಲಸ

ನಲ್ಲಿ ಮೂಳೆಯೊಳಗೆ ಮೆತ್ತಗಿನ ಮಜ್ಜೆ ಇರುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಮೂಳೆಗಳ ಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಎಂಬ ದೊಡ್ಡ ಜೀವಕೋಶಗಳಿವೆ. ಅವುಗಳಿಂದ ಕಳಚಿಕೊಳ್ಳುವ ಚೂರುಗಳೇ ಪ್ಲೇಟ್‌ಲೆಟ್‌ಗಳು. ಆರೋಗ್ಯವಂತ ದೇಹ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್ ತಯಾರಿಸುತ್ತದೆ. ಒಂದೊಂದರ ಆಯುಸ್ಸು 7ರಿಂದ 10 ದಿನ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇದ್ದರೆ ಸರಿ. ರಕ್ತನಾಳ ಎಲ್ಲಿಯಾದರೂ ಹರಿದರೆ ಇವು ಓಡಿಬಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಗಾಯವೇ ಆಗದ ದಿನವೂ ಸಣ್ಣ ರಕ್ತನಾಳಗಳ ಸವೆತವನ್ನು ತೇಪೆ ಹಾಕಿದಂತೆ ಸರಿಮಾಡುತ್ತಿರುತ್ತವೆ. ಇವುಗಳ ಸಂಖ್ಯೆ ತೀರಾ ಇಳಿದಾಗ ಚರ್ಮದಡಿ ಕೆಂಪು ಚುಕ್ಕೆಗಳು ಮೂಡುತ್ತವೆ. ಗಾಜಿನ ಲೋಟದಿಂದ ಒತ್ತಿ ನೋಡಿದರೂ ಈ ಚುಕ್ಕೆಗಳು ಮಾಸುವುದಿಲ್ಲ. ಅಲರ್ಜಿಯ ದದ್ದು ಸಾಮಾನ್ಯವಾಗಿ ಒತ್ತಿದಾಗ ಬಿಳಿಚಿಕೊಳ್ಳುತ್ತದೆ. ಮನೆಯಲ್ಲೇ ತಿಳಿಯಬಹುದಾದ ವ್ಯತ್ಯಾಸ ಇದು.

ತನ್ನ ಮೈಗೇ ರೋಗ ಹತ್ತಿಸಿಕೊಂಡ ವೈದ್ಯ

ಜರ್ಮನಿಯ ವೈದ್ಯ ಪೌಲ್ ವೆರ್ಲ್‌ಹಾಫ್ 1735ರಲ್ಲಿ ಈ ಕಾಯಿಲೆಯ ಲಕ್ಷಣಗಳನ್ನು ಬರೆದಿಟ್ಟರು. ಮುಂದಿನ ಎರಡು ಶತಮಾನ ಕಾರಣ ಮಾತ್ರ ತಿಳಿದಿರಲಿಲ್ಲ. ಮಜ್ಜೆಯೇ ಪ್ಲೇಟ್‌ಲೆಟ್ ತಯಾರಿಸುತ್ತಿಲ್ಲವೋ, ತಯಾರಾದದ್ದು ಎಲ್ಲೋ ನಾಶವಾಗುತ್ತಿದೆಯೋ ಎಂಬುದೇ ಪ್ರಶ್ನೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವೈದ್ಯ ವಿಲಿಯಂ ಹ್ಯಾರಿಂಗ್‌ಟನ್ ಇದನ್ನು ತಮ್ಮ ಮೈಮೇಲೇ ಪರೀಕ್ಷಿಸಿಕೊಂಡರು. ಐಟಿಪಿ ಇದ್ದ ಮಹಿಳೆಯೊಬ್ಬರ ಸುಮಾರು ಅರ್ಧ ಲೀಟರ್ ರಕ್ತವನ್ನು ತಮಗೆ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿಯಿತು, ಮೈಮೇಲೆ ಚುಕ್ಕೆಗಳು ಎದ್ದವು, ಫಿಟ್ಸ್ ಕೂಡ ಬಂತು. ಕೆಲವು ದಿನಗಳಲ್ಲಿ ಅವರು ಚೇತರಿಸಿಕೊಂಡರು. ರೋಗಿಯ ರಕ್ತದಲ್ಲೇ ಪ್ಲೇಟ್‌ಲೆಟ್ ಕೊಲ್ಲುವ ವಸ್ತುವೊಂದು ಇದೆ ಎಂಬುದು ಹೀಗೆ ಸಾಬೀತಾಯಿತು. ಈ ವರದಿ 1951ರಲ್ಲಿ ಪ್ರಕಟವಾಯಿತು. ಇಂದು ಯಾವ ಆಸ್ಪತ್ರೆಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ. ಆ ವಸ್ತು ಪ್ರತಿಕಾಯ ಎಂಬುದು ಮುಂದೆ ಖಚಿತವಾಯಿತು.

ಯಾವ ಕೋಶ ಏನು ಮಾಡುತ್ತದೆ?

ರೋಗಾಣು ಒಳಬಂದಾಗ ಬಿಳಿ ರಕ್ತಕಣಗಳಲ್ಲಿ ಬಿ ಜೀವಕೋಶ ಎಂಬ ಬಗೆಯವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಪ್ರತಿಕಾಯ ತಾನಾಗಿ ಯಾರನ್ನೂ ಕೊಲ್ಲಬೇಕೆಂದಿಲ್ಲ. ಅದು ಶತ್ರುವಿನ ಬೆನ್ನಿಗೆ ಅಂಟಿಸುವ ಗುರುತುಚೀಟಿ ಇದ್ದಂತೆ. ಐಟಿಪಿಯಲ್ಲಿ ಈ ಚೀಟಿ ಪ್ಲೇಟ್‌ಲೆಟ್‌ನ ಮೈಮೇಲಿನ ಪ್ರೋಟೀನ್‌ಗಳಿಗೆ ಅಂಟುತ್ತದೆ. ಗಾಯದ ಬಳಿ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಲು ಬಳಸುವ ಪ್ರೋಟೀನ್‌ಗಳೇ ಅವು.

ಚೀಟಿ ಅಂಟಿದ ಪ್ಲೇಟ್‌ಲೆಟ್ ರಕ್ತದ ಜೊತೆ ಹರಿಯುತ್ತಾ ಗುಲ್ಮಕ್ಕೆ ಬರುತ್ತದೆ. ಗುಲ್ಮವೆಂದರೆ ನಮ್ಮ ಮನೆಮಾತಿನ ತಿಲ್ಲಿ. ಕುರ್ಬಾನಿ ಮಾಂಸದಲ್ಲಿ ರಕ್ತ ತುಂಬಿದ ಕಪ್ಪುಗೆಂಪು ತಿಲ್ಲಿಯನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ದೇಹದಲ್ಲೂ ಅದು ರಕ್ತವನ್ನು ಸೋಸುವ ಅಂಗ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಕಾದು ಕುಳಿತಿರುತ್ತವೆ. ಚೀಟಿ ಅಂಟಿದ್ದನ್ನೆಲ್ಲ ನುಂಗುವುದು ಅವುಗಳ ಕೆಲಸ. ಚೀಟಿ ಸರಿಯೋ ತಪ್ಪೋ ಎಂದು ಅವು ವಿಚಾರಿಸುವುದಿಲ್ಲ. ಹತ್ತು ದಿನ ಬದುಕಬೇಕಾದ ಪ್ಲೇಟ್‌ಲೆಟ್ ಕೆಲವೇ ಗಂಟೆಗಳಲ್ಲಿ ಮುಗಿದುಹೋಗಬಹುದು.

ನುಂಗಿದ ಮೇಲೆ ಮ್ಯಾಕ್ರೋಫೇಜ್ ಇನ್ನೊಂದು ಕೆಲಸ ಮಾಡುತ್ತದೆ. ಪ್ಲೇಟ್‌ಲೆಟ್‌ನ ಚೂರುಗಳನ್ನು ತನ್ನ ಮೈಮೇಲೆ ಇಟ್ಟುಕೊಂಡು ಸಹಾಯಕ ಟಿ ಜೀವಕೋಶಗಳಿಗೆ ತೋರಿಸುತ್ತದೆ. ಅವು ಅದನ್ನು ಶತ್ರುವಿನ ಗುರುತೆಂದು ನಂಬಿ, ಇನ್ನಷ್ಟು ಪ್ರತಿಕಾಯ ಮಾಡುವಂತೆ ಬಿ ಜೀವಕೋಶಗಳನ್ನು ಹುರಿದುಂಬಿಸುತ್ತವೆ. ಒಬ್ಬ ಸುಳ್ಳು ದೂರು ಕೊಟ್ಟು, ಇನ್ನೊಬ್ಬ ಸುಳ್ಳು ಸಾಕ್ಷಿ ಹೇಳಿ, ಅದೇ ಸಾಕ್ಷಿಯ ಬಲದಿಂದ ಮತ್ತೆ ಹತ್ತು ದೂರು ಹುಟ್ಟಿದ ಹಾಗೆ. ಕಾಯಿಲೆ ತಿಂಗಳುಗಟ್ಟಲೆ ಮುಂದುವರಿಯಲು ಈ ಸುತ್ತು ಒಂದು ಮುಖ್ಯ ಕಾರಣ.

ಇಂಥ ತಪ್ಪನ್ನು ತಡೆಯುವ ಕೋಶಗಳೂ ದೇಹದಲ್ಲಿವೆ. ಅವು ನಿಯಂತ್ರಕ ಟಿ ಜೀವಕೋಶಗಳು. "ಇದು ನಮ್ಮದೇ, ಬಿಡು" ಎಂದು ಉಳಿದ ಕೋಶಗಳನ್ನು ತಡೆಯುವುದು ಅವುಗಳ ಕೆಲಸ. ಜಪಾನಿನ ಶಿಮೋನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. ಇವುಗಳನ್ನು ರೂಪಿಸುವ ಜೀನ್ ಅನ್ನು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ 2001ರಲ್ಲಿ ಪತ್ತೆ ಮಾಡಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು. ಐಟಿಪಿ ಇರುವ ಅನೇಕರಲ್ಲಿ ಈ ನಿಯಂತ್ರಕ ಕೋಶಗಳು ಸಂಖ್ಯೆಯಲ್ಲಿ ಕಡಿಮೆ ಅಥವಾ ಕೆಲಸದಲ್ಲಿ ದುರ್ಬಲ. ಚಿಕಿತ್ಸೆ ಫಲಿಸಿದಾಗ ಅವು ಮತ್ತೆ ಚೇತರಿಸಿಕೊಳ್ಳುವುದೂ ಕಂಡುಬಂದಿದೆ.

ಕೆಲವು ರೋಗಿಗಳ ರಕ್ತದಲ್ಲಿ ಪ್ರತಿಕಾಯವೇ ಸಿಗುವುದಿಲ್ಲ. ಅಂಥ ಕೆಲವರಲ್ಲಿ ಮಾರಕ ಟಿ ಜೀವಕೋಶ ಎಂಬ ಇನ್ನೊಂದು ಬಗೆಯ ಕೋಶ ನೇರವಾಗಿ ಪ್ಲೇಟ್‌ಲೆಟ್‌ಗಳ ಮೇಲೆ ದಾಳಿ ಮಾಡುತ್ತದೆ ಎಂದು 2003ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಪ್ರತಿಕಾಯಗಳೂ ಈ ಟಿ ಕೋಶಗಳೂ ಮಜ್ಜೆಯಲ್ಲಿರುವ ದೊಡ್ಡ ಕೋಶಗಳನ್ನೂ ಕಾಡಬಲ್ಲವು. ಹೀಗಾಗಿ ಒಂದು ಕಡೆ ನಾಶ ಹೆಚ್ಚು, ಇನ್ನೊಂದು ಕಡೆ ಉತ್ಪಾದನೆಯೂ ಬೇಕಾದಷ್ಟಿಲ್ಲ. ಒಂದೇ ಔಷಧಿ ಎಲ್ಲ ರೋಗಿಗಳಿಗೂ ಒಂದೇ ರೀತಿ ನಾಟದಿರಲು ಇದೂ ಒಂದು ಕಾರಣ.

ಔಷಧಿ ಯಾರನ್ನು ತಡೆಯುತ್ತದೆ?

ಇಷ್ಟು ತಿಳಿದರೆ ವೈದ್ಯರು ಕೊಡುವ ಚಿಕಿತ್ಸೆಯ ಅರ್ಥ ತಾನಾಗಿ ಹೊಳೆಯುತ್ತದೆ. "ಒಂದು ಪ್ಯಾಕೆಟ್ ಪ್ಲೇಟ್‌ಲೆಟ್ ಹಾಕಿಬಿಡಿ ಡಾಕ್ಟ್ರೇ" ಎಂದು ಮನೆಯವರು ಒತ್ತಾಯಿಸುವುದು ಸಹಜ. ಆದರೆ ಹೊರಗಿನಿಂದ ಏರಿಸಿದ ಪ್ಲೇಟ್‌ಲೆಟ್‌ಗೂ ಅದೇ ಚೀಟಿ ಅಂಟುತ್ತದೆ, ಅದನ್ನೂ ತಿಲ್ಲಿ ನುಂಗುತ್ತದೆ. ತೂತಿನ ಕೊಡಕ್ಕೆ ನೀರು ಸುರಿದ ಹಾಗೆ. ಆದ್ದರಿಂದ ಪ್ರಾಣಾಪಾಯದ ರಕ್ತಸ್ರಾವ ಇದ್ದಾಗ ಮಾತ್ರ, ಬೇರೆ ಔಷಧಿಗಳ ಜೊತೆಗೆ, ಪ್ಲೇಟ್‌ಲೆಟ್ ಏರಿಸುತ್ತಾರೆ. ಪಪ್ಪಾಯಿ ಎಲೆಯ ರಸವೂ ಈ ತಪ್ಪು ದಾಳಿಯನ್ನು ನಿಲ್ಲಿಸುವ ಔಷಧಿಯಲ್ಲ. ಅದನ್ನು ನಂಬಿ ದಿನ ಕಳೆಯಬಾರದು.

ವಯಸ್ಕರಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಸ್ಟೀರಾಯ್ಡ್: ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್. ಅದು ರೊಚ್ಚಿಗೆದ್ದ ಕೋಶಗಳನ್ನು ಒಟ್ಟಾರೆ ಶಾಂತಗೊಳಿಸುತ್ತದೆ. ಮುಖ ಊದುವುದು, ಸಕ್ಕರೆ ಏರುವುದು, ನಿದ್ದೆ ಕೆಡುವುದು ಇದರ ತೊಂದರೆಗಳು. ಹಾಗಾಗಿ ಕೆಲವೇ ವಾರ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ರೋಗಿ ತಾನೇ ದಿಢೀರನೆ ನಿಲ್ಲಿಸುವುದು ಅಪಾಯ.

ಪ್ಲೇಟ್‌ಲೆಟ್ ಬೇಗ ಏರಲೇಬೇಕಾದಾಗ ಇಮ್ಯುನೋಗ್ಲೋಬ್ಯುಲಿನ್ ಎಂಬ ದ್ರವವನ್ನು ನರಕ್ಕೆ ಏರಿಸುತ್ತಾರೆ. ಸ್ವಿಟ್ಜರ್‌ಲೆಂಡಿನ ಪೌಲ್ ಇಂಬಾಕ್ 1981ರಲ್ಲಿ ಮಕ್ಕಳಲ್ಲಿ ಇದರ ಫಲವನ್ನು ತೋರಿಸಿದರು. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯಗಳು ಅದರಲ್ಲಿರುತ್ತವೆ. ಅವು ಮ್ಯಾಕ್ರೋಫೇಜ್‌ಗಳ ಬಾಯಿಗೆ ಅಡ್ಡ ಬಂದು, ಪ್ಲೇಟ್‌ಲೆಟ್ ನುಂಗಲು ಬಿಡುವುದಿಲ್ಲ. ಇದರ ಪರಿಣಾಮ ಕೆಲವು ವಾರಗಳದ್ದು, ಬೆಲೆಯೂ ಹೆಚ್ಚು.

ರಿಟುಕ್ಸಿಮ್ಯಾಬ್ ಎಂಬ ಔಷಧಿ ಬಿ ಜೀವಕೋಶಗಳನ್ನೇ ಕಡಿಮೆ ಮಾಡುತ್ತದೆ. ಆದರೆ ಬಿ ಜೀವಕೋಶ ಬಲಿತು ಪ್ಲಾಸ್ಮಾ ಕೋಶವಾದ ಮೇಲೆ ಈ ಔಷಧಿಗೆ ಸಿಗುವುದಿಲ್ಲ. ಹಾಗೆ ಉಳಿದ ಹಳೆಯ ಪ್ಲಾಸ್ಮಾ ಕೋಶಗಳು ಪ್ರತಿಕಾಯ ಮಾಡುತ್ತಲೇ ಇದ್ದರೆ ಔಷಧಿ ಫಲಿಸದೆ ಹೋಗಬಹುದು.

ಎಲ್ಟ್ರಾಂಬೋಪ್ಯಾಗ್ ಮಾತ್ರೆ ಮತ್ತು ರೋಮಿಪ್ಲಾಸ್ಟಿಮ್ ಚುಚ್ಚುಮದ್ದಿನ ದಾರಿ ಬೇರೆ. ಅವು ಮಜ್ಜೆಗೆ ಹೆಚ್ಚು ಪ್ಲೇಟ್‌ಲೆಟ್ ತಯಾರಿಸು ಎಂದು ಹೇಳುತ್ತವೆ. ನಾಶಕ್ಕಿಂತ ಉತ್ಪಾದನೆ ಮುಂದೆ ಹೋದರೆ ರಕ್ತಸ್ರಾವ ನಿಲ್ಲುತ್ತದೆ.

ತಿಲ್ಲಿ ತೆಗೆಯುವ ಶಸ್ತ್ರಚಿಕಿತ್ಸೆ ಇವೆಲ್ಲಕ್ಕಿಂತ ಹಳೆಯದು. 1916ರಲ್ಲಿ ಪ್ರಾಗ್ ನಗರದಲ್ಲಿ ಪೌಲ್ ಕಾಜ್ನೆಲ್ಸನ್ ಎಂಬ ವೈದ್ಯ ವಿದ್ಯಾರ್ಥಿಯ ಸಲಹೆಯಂತೆ ಇದು ಮೊದಲು ನಡೆಯಿತು. ಸುಮಾರು ಮೂವರಲ್ಲಿ ಇಬ್ಬರಿಗೆ ಇದರಿಂದ ಒಳ್ಳೆಯ ಫಲ ಸಿಗುತ್ತದೆ. ಆದರೆ ತಿಲ್ಲಿ ಇಲ್ಲದವರಿಗೆ ಕೆಲವು ಬ್ಯಾಕ್ಟೀರಿಯಾ ಸೋಂಕುಗಳು ಪ್ರಾಣಾಂತಿಕವಾಗಬಹುದು. ಆದ್ದರಿಂದ ಮೊದಲೇ ಲಸಿಕೆ ಹಾಕಿಸಬೇಕು, ಮುಂದೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೇರೆ ಔಷಧಿಗಳು ಬಂದ ಮೇಲೆ ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಕಾಯಿಲೆ ವರ್ಷ ದಾಟಿದ ಮೇಲಷ್ಟೇ ಯೋಚಿಸುತ್ತಾರೆ.

ಮಕ್ಕಳಲ್ಲಿ ಕಾಯುವುದೂ ಚಿಕಿತ್ಸೆಯೇ

ಮಕ್ಕಳಲ್ಲಿ ಐಟಿಪಿ ಹೆಚ್ಚಾಗಿ ನೆಗಡಿ, ಜ್ವರದಂಥ ವೈರಸ್ ಸೋಂಕು ಮುಗಿದ ಒಂದೆರಡು ವಾರಕ್ಕೆ ಕಾಣಿಸಿಕೊಳ್ಳುತ್ತದೆ. ವೈರಸ್ ವಿರುದ್ಧ ಎದ್ದ ಪ್ರತಿಕಾಯ ಪ್ಲೇಟ್‌ಲೆಟ್‌ಗೂ ಅಂಟಿಕೊಂಡು ಹೀಗಾಗಬಹುದು. ಹತ್ತು ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ವರ್ಷದೊಳಗೆ ತಾನಾಗಿ ವಾಸಿಯಾಗುತ್ತದೆ. ಚರ್ಮದ ಮೇಲೆ ಚುಕ್ಕೆ, ಕಲೆ ಬಿಟ್ಟರೆ ಬೇರೆ ರಕ್ತಸ್ರಾವ ಇಲ್ಲದಿದ್ದರೆ ವೈದ್ಯರು ಔಷಧಿ ಕೊಡದೆ ಗಮನಿಸುತ್ತಾ ಇರಬಹುದು. "ಡಾಕ್ಟರು ಏನೂ ಕೊಡಲಿಲ್ಲ" ಎಂದು ಬೇಸರಪಟ್ಟು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ. ಆ ದಿನಗಳಲ್ಲಿ ತಲೆಗೆ ಪೆಟ್ಟು ಬೀಳುವಂಥ ಆಟ, ಸೈಕಲ್ ಸಾಹಸ ಬೇಡ. ಮಿದುಳಿನ ರಕ್ತಸ್ರಾವ ಮಕ್ಕಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಎಚ್ಚರ ಬೇಕು.

ವಯಸ್ಕರಲ್ಲಿ ಹಾಗಲ್ಲ. ಅವರಲ್ಲಿ ಕಾಯಿಲೆ ಹೆಚ್ಚಾಗಿ ವರ್ಷ ದಾಟಿ ಉಳಿಯುತ್ತದೆ. ಹಾಗೆಂದು ಬದುಕು ನಿಲ್ಲುವುದಿಲ್ಲ. ಚಿಕಿತ್ಸೆಯ ಗುರಿ ಚೀಟಿಯಲ್ಲಿನ ಅಂಕಿಯನ್ನು ಒಂದೂವರೆ ಲಕ್ಷಕ್ಕೆ ತರುವುದೇ ಆಗಿರಬೇಕಿಲ್ಲ. ಅಪಾಯದ ರಕ್ತಸ್ರಾವ ಆಗದಷ್ಟು ಇದ್ದರೆ ಸಾಕು. ಮೂವತ್ತು ಸಾವಿರಕ್ಕಿಂತ ಹೆಚ್ಚಿದ್ದು, ರಕ್ತಸ್ರಾವ ಇಲ್ಲದ ಅನೇಕರಿಗೆ ಔಷಧಿಯೇ ಬೇಕಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಗಮನಿಸಬೇಕಾದದ್ದು

*ಖತ್ನಾ:* ಮಗನ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳು ಏಳುತ್ತಿದ್ದರೆ, ಮೂಗಿನಿಂದ ಪದೇಪದೇ ರಕ್ತ ಬರುತ್ತಿದ್ದರೆ, ಖತ್ನಾಕ್ಕೆ ಮೊದಲು ಒಂದು ಸಿಬಿಸಿ ರಕ್ತಪರೀಕ್ಷೆ ಮಾಡಿಸಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ವೈದ್ಯರು ಹೇಳುವವರೆಗೆ ಮುಂದೂಡಿ. ಸಾಮೂಹಿಕ ಖತ್ನಾ ಶಿಬಿರ ನಡೆಸುವ ಜಮಾಅತ್‌ಗಳು ಪ್ರತಿ ತಾಯಿಯನ್ನೂ ಈ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು. ಕಿವಿ ಚುಚ್ಚಿಸುವುದಕ್ಕೂ ಹಲ್ಲು ಕೀಳಿಸುವುದಕ್ಕೂ ಇದೇ ಮಾತು.

*ಹಿಜಾಮಾ:* ಪ್ಲೇಟ್‌ಲೆಟ್ ಕಡಿಮೆ ಇರುವವರು ಹಿಜಾಮಾ ಮಾಡಿಸಬಾರದು. ಅಲ್ಲಿ ಚರ್ಮಕ್ಕೆ ಬೇಕೆಂದೇ ಗೀರು ಹಾಕುತ್ತಾರೆ, ಆ ರಕ್ತ ನಿಲ್ಲಿಸುವ ಶಕ್ತಿ ಇವರಲ್ಲಿ ಇರುವುದಿಲ್ಲ.

*ನೋವಿನ ಮಾತ್ರೆ:* ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಉಳಿದಿರುವ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಗಟ್ಟಿ ಮಿಸ್ವಾಕ್ ಬದಲು ಮೆತ್ತನೆಯ ಬ್ರಶ್ ಬಳಸಿ.

*ಹೆಣ್ಣುಮಕ್ಕಳು:* ಹದಿಹರೆಯದ ಮಗಳಿಗೋ ಸೊಸೆಗೋ ಮಾಸಿಕ ರಕ್ತಸ್ರಾವ ದಿನಗಟ್ಟಲೆ ನಿಲ್ಲದಿರುವುದೇ ಐಟಿಪಿಯ ಮೊದಲ ಸುಳಿವಾಗಿರಬಹುದು. ಸಂಕೋಚದಿಂದ ಅವರು ಹೇಳುವುದಿಲ್ಲ. ಹನಫಿ ಫಿಕ್ಹ್‌ನಲ್ಲಿ ಹತ್ತು ದಿನ ಮೀರಿದ ರಕ್ತವನ್ನು ಇಸ್ತಿಹಾಜಾ ಎಂದು ಬೇರೆಯಾಗಿ ಗುರುತಿಸುತ್ತಾರೆ. ನಮಾಜ್, ಉಪವಾಸದ ಮಸ್ಅಲಾವನ್ನು ಆಲಿಮರಲ್ಲಿ ಕೇಳುವಂತೆಯೇ ರಕ್ತದ ಕಾರಣವನ್ನು ವೈದ್ಯರಲ್ಲಿ ಕೇಳಬೇಕು. ಐಟಿಪಿ ಇರುವ ಹೆಣ್ಣುಮಕ್ಕಳು ತಾಯಿಯಾಗಬಹುದು. ಗರ್ಭಿಣಿಯಾದ ಕೂಡಲೇ ವೈದ್ಯರಿಗೆ ತಿಳಿಸಬೇಕು. ತಾಯಿಯ ಪ್ರತಿಕಾಯಗಳು ಮಗುವಿಗೂ ದಾಟುವುದರಿಂದ ಹುಟ್ಟಿದ ಮಗುವಿನ ಪ್ಲೇಟ್‌ಲೆಟ್ ಕೂಡ ಪರೀಕ್ಷಿಸುತ್ತಾರೆ.

*ರಮಝಾನ್:* ಸೂರಾ ಅಲ್-ಬಖರಾದ 184 ಮತ್ತು 185ನೇ ಸೂಕ್ತಗಳು ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ಅವಕಾಶ ನೀಡಿವೆ. ರಕ್ತಸ್ರಾವ ಇರುವಾಗ ಅಥವಾ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುತ್ತಿರುವಾಗ ಈ ರಿಯಾಯಿತಿಯನ್ನು ನೆನಪಿಡಿ. ಔಷಧಿ ಬಿಟ್ಟು ಉಪವಾಸ ಹಿಡಿಯಬೇಡಿ. ಎಲ್ಟ್ರಾಂಬೋಪ್ಯಾಗ್ ನುಂಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಹಾಲು, ಮೊಸರಿನಲ್ಲಿರುವ ಕ್ಯಾಲ್ಸಿಯಂ ಈ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಹಾಲಿಗೆ ಎರಡು ಗಂಟೆ ಮೊದಲು ಅಥವಾ ನಾಲ್ಕು ಗಂಟೆ ನಂತರ ಮಾತ್ರ ನುಂಗಬೇಕು. ಇಫ್ತಾರ್‌ನ ಹಾಲಿನ ಶರಬತ್ತಿನ ಜೊತೆ ನುಂಗಿದರೆ ದುಬಾರಿ ಮಾತ್ರೆ ವ್ಯರ್ಥ. ಇನ್ನು, ಪರೀಕ್ಷೆಗೆಂದು ರಕ್ತ ಕೊಟ್ಟರೆ ಉಪವಾಸ ಮುರಿಯುವುದಿಲ್ಲ ಎಂದು ಹನಫಿ ಉಲಮಾಗಳು ಹೇಳುತ್ತಾರೆ. ಪರೀಕ್ಷೆಯನ್ನು ಈದ್‌ವರೆಗೆ ಮುಂದೂಡಬೇಕಿಲ್ಲ.

ಯಾವಾಗ, ಎಲ್ಲಿಗೆ?

ತೀವ್ರ ತಲೆನೋವು, ವಾಂತಿ, ಮಂಪರು, ತಲೆಗೆ ಪೆಟ್ಟು, ಅರ್ಧ ಗಂಟೆ ಒತ್ತಿಹಿಡಿದರೂ ನಿಲ್ಲದ ಮೂಗಿನ ರಕ್ತ, ಕಪ್ಪು ಮಲ, ಕೆಂಪು ಮೂತ್ರ: ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಸರಿ, ಹೊರಡಿ. ಉಳಿದಂತೆ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಬಿಸಿ ಪರೀಕ್ಷೆಯಿಂದ ಆರಂಭಿಸಬಹುದು. ಯಂತ್ರ ಕೊಟ್ಟ ಅಂಕಿಯನ್ನು ಮಾತ್ರ ನಂಬದೆ ರಕ್ತವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಕೆಲವರ ಪ್ಲೇಟ್‌ಲೆಟ್ ಪರೀಕ್ಷೆಯ ಟ್ಯೂಬಿನಲ್ಲೇ ಗುಂಪುಗಟ್ಟಿ, ಸುಳ್ಳೇ ಕಡಿಮೆ ಎಂದು ತೋರುತ್ತದೆ. ಡೆಂಗ್ಯೂ, ಹೆಪಟೈಟಿಸ್ ಸಿ, ಲೂಪಸ್, ರಕ್ತದ ಕ್ಯಾನ್ಸರ್ ಮುಂತಾದವು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಐಟಿಪಿ ಎನ್ನುತ್ತಾರೆ. ಜ್ವರ, ತೂಕ ಇಳಿಯುವುದು, ಗಂಟುಗಳು ಊದುವುದು ಇದ್ದರೆ ಮುಚ್ಚಿಡದೆ ಹೇಳಿ.

ನಮ್ಮ ಜಿಲ್ಲೆಯಲ್ಲೇ ಹೊಸಕೋಟೆಯ ಎಂ.ವಿ.ಜೆ., ದೇವನಹಳ್ಳಿಯ ಆಕಾಶ್, ನೆಲಮಂಗಲ ತಾಲ್ಲೂಕು ಟಿ. ಬೇಗೂರಿನ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ದೊಡ್ಡವರಿಗೆ ವಿಕ್ಟೋರಿಯಾ, ಸೇಂಟ್ ಜಾನ್ಸ್ ಮುಂತಾದ ಆಸ್ಪತ್ರೆಗಳಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಯಾವ ಚಿಕಿತ್ಸೆಗೆ ನೆರವು ಸಿಗುತ್ತದೆ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಕೊನೆಯದಾಗಿ ಒಂದು ವಿನಂತಿ. ಮೈಮೇಲೆ ನೀಲಿ ಕಲೆ ಕಂಡಾಗ ಕೆಲವರು ನಜರ್ ಎನ್ನುತ್ತಾರೆ, ಜಿನ್ ಅಸರ್ ಎನ್ನುತ್ತಾರೆ. ಕೆಲವರು ತಾಯಿ ಹೊಡೆದಿದ್ದಾಳೆ ಎಂದೇ ಅನುಮಾನಿಸುತ್ತಾರೆ. ಹುಡುಗಿಗೆ "ರಕ್ತದ ಕಾಯಿಲೆ" ಇದೆ ಎಂದು ನಿಕಾಹ್ ಮಾತುಕತೆ ಮುರಿಯುವ ಭಯದಿಂದ ಮನೆಯವರು ಮುಚ್ಚಿಡುತ್ತಾರೆ. ಐಟಿಪಿ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಇದು ರಕ್ತದ ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೂ ಇಲ್ಲ. ಮುಚ್ಚಿಟ್ಟ ಮನೆಯಲ್ಲಿ ಹುಡುಗಿ ತಲೆನೋವಿಗೆ ಆಸ್ಪಿರಿನ್ ನುಂಗುತ್ತಾಳೆ, ಹೆರಿಗೆಯ ದಿನ ವೈದ್ಯರಿಗೆ ವಿಷಯವೇ ತಿಳಿದಿರುವುದಿಲ್ಲ. ಬಾಯಿಬಿಟ್ಟು ಹೇಳಿದ ಮನೆಯಲ್ಲಿ ಈ ಎರಡು ಅಪಾಯವನ್ನೂ ತಡೆಯಬಹುದು. ದುಆ ಮಾಡಿ, ಜೊತೆಗೆ ಆಸ್ಪತ್ರೆಗೂ ಕರೆದುಕೊಂಡು ಹೋಗಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ದಯಪಾಲಿಸಲಿ. ಆಮೀನ್.